ನಿನ್ನ ಅಳತೆಯೇ ಸಾಕು

ಹೆರಿಗೆ ಮಾಡಿಸಿದ ಕೈಗಳನ್ನು ಲೋಕ ಬಾಯ್ತುಂಬ ಹೊಗಳುತ್ತದೆ. ಬೇಡವಾದ ಬಸಿರಿನ ಭಯ ಹೊತ್ತು ಬಂದವಳ ಕೈ ಹಿಡಿದವರನ್ನು ಮಾತ್ರ ದನಿ ತಗ್ಗಿಸಿ ನೆನೆಯುತ್ತದೆ. ಅಂಥ ಮೂವತ್ತನಾಲ್ಕು ವರ್ಷಗಳ ಸೇವೆಯನ್ನು ಪೂರೈಸಿ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ದಾದಿ, ಇಡೀ ಆಸ್ಪತ್ರೆಗೆ ‘ದೊಡ್ಡಕ್ಕ’ ಎಂದೇ ಪರಿಚಿತರಾದವರು, ಸುರಕ್ಷಿತ ಗರ್ಭಪಾತ ಸೇವೆಯ ಕ್ಷೇತ್ರದಲ್ಲಿ ಸವೆಸಿದ ದಾರಿ ಬಹು ದೊಡ್ಡದು. ಅವರ ಕೈಕೆಳಗೆ ನಾಲ್ಕೇ ವರ್ಷ ಆಪ್ತಸಮಾಲೋಚಕಿಯಾಗಿ ಪಳಗಿದ ನನಗೆ ಅವರ ಈ ಅಭಿನಂದನಾ ಸಂಪುಟದಲ್ಲಿ ಜಾಗ ಸಿಕ್ಕಿದ್ದು ಸಂಪಾದಕರ ಔದಾರ್ಯ.

ಅವರು ಸೇವೆಗೆ ಸೇರಿದಾಗ ವಾರ್ಡಿನ ಮೂಲೆಯ ಆರು ಹಾಸಿಗೆಗಳು ಖಾಲಿಯಿದ್ದ ದಿನವೇ ಇರಲಿಲ್ಲವಂತೆ. ಬಸಿರು ಕಳೆಯಲು ಕಳ್ಳ ಮದ್ದು ಕುಡಿದವರು, ಕಡ್ಡಿ ಹಾಕಿಸಿಕೊಂಡವರು, ಜ್ವರದಲ್ಲಿ ಬೇಯುತ್ತಲೂ ‘ಬರೀ ಹೊಟ್ಟೆನೋವು’ ಎಂದು ಒಂದೇ ಮಾತಿಗೆ ಜೋತುಬಿದ್ದವರು. ಅವರಲ್ಲಿ ಎಷ್ಟು ಮಂದಿ ಮನೆಗೆ ಮರಳಲಿಲ್ಲವೆಂಬುದನ್ನು ದೊಡ್ಡಕ್ಕ ಇಂದಿಗೂ ಹೇಳುವುದಿಲ್ಲ. ವೈದ್ಯರ ಬೆನ್ನು ಬಿದ್ದು, ಮೇಲಧಿಕಾರಿಗಳ ಪ್ರಾಣ ತಿಂದು, ಮೆಟ್ಟಿಲ ಕೆಳಗಿನ ಸಾಮಾನು ಕೋಣೆಯನ್ನು ಖಾಲಿ ಮಾಡಿಸಿ, ಹೆಣ್ಣೊಬ್ಬಳು ಹೆದರದೆ ಮಾತಾಡಿ ಸಕಾಲದಲ್ಲಿ ಚಿಕಿತ್ಸೆ ಪಡೆಯಬಹುದಾದ ಪುಟ್ಟ ವಿಭಾಗವೊಂದನ್ನು ಅವರು ಅಲ್ಲಿ ತೆರೆಸಿದರು. ನಾನು ಸೇರುವ ಹೊತ್ತಿಗೆ ಆ ಆರು ಹಾಸಿಗೆಗಳಲ್ಲಿ ಬಾಣಂತಿಯರು ಮಲಗಿ ಹರಟುತ್ತಿದ್ದರು.

ನಾನು ಸೇರಿದ ಮೂರನೇ ವಾರ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಬಂದಳು. ಮೂರು ಮಕ್ಕಳ ತಾಯಿ. ಹಿಂದಿನ ಹೆರಿಗೆಯಲ್ಲಿ ರಕ್ತ ಹೋಗಿ ಬದುಕಿ ಬಂದದ್ದೇ ಹೆಚ್ಚು. ಈಗ ಮತ್ತೆ ಎಂಟು ವಾರ. ಚಿಕಿತ್ಸೆಯಾದ ಮೇಲೆ ಜೊತೆಗೊಬ್ಬರಿರಲಿ ಎಂಬ ಒಳ್ಳೆಯ ಮನಸ್ಸಿನಿಂದಲೇ ನಾನು, “ನಾಳೆ ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ” ಎಂದೆ. ತಲೆಯಾಡಿಸಿ ಎದ್ದುಹೋದಳು. ಮರುದಿನ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ.

“ಅವಳಿಗೆ ಏನಂದೆ?” ದೊಡ್ಡಕ್ಕ ಕೇಳಿದರು. ಹೇಳಿದೆ.

“ನಿನಗಿನ್ನೂ ಮದುವೆ ಆಗಿಲ್ಲ, ಅದಕ್ಕೇ ಮನೆಯವರು ಅಂದ್ರೆ ಮನೆ ತುಂಬ ಇರೋರು ಅನ್ಕೊಂಡಿದೀಯ. ಅವಳ ಕಿವಿಗೆ ಅದು ಒಬ್ಬನೇ, ಗಂಡ! ಅವಳ ಸಹಿಯೊಂದೇ ಸಾಕಿತ್ತು ಕಣೆ. ಗಂಡ ಒಪ್ಪದೆ ಆಗಲ್ಲ ಅಂತ ತಿಳ್ಕೊಂಡು ಹೋಗಿದಾಳೆ. ಇನ್ನು ಯಾರ ಹತ್ರ ಹೋಗ್ತಾಳೋ, ಯಾವ ಕಡ್ಡಿಗೆ ಸಿಗ್ತಾಳೋ.”

ದಾಖಲೆ ಪುಸ್ತಕ ತೆಗೆದು ನೋಡಿದೆ. ಅವಳು ವಿಳಾಸ ಕೊಟ್ಟಿರಲಿಲ್ಲ. ಕೊಟ್ಟಿದ್ದರೂ ಮನೆ ಬಾಗಿಲಿಗೆ ಹೋಗಿ ಗುಟ್ಟು ರಟ್ಟು ಮಾಡುವಂತಿರಲಿಲ್ಲ. ದೊಡ್ಡಕ್ಕ ತಮ್ಮ ಬಿಳಿ ಕೋಟಿನ ತೋಳಿನ ಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚಿ, ಚೀಲಕ್ಕೆ ಹಾಕಿಕೊಂಡು, “ಮುಖ ನೋಡಿರೋಳು ನೀನು, ನಡಿ” ಎಂದರು. ನನ್ನಜ್ಜಿಯ ಕಥೆಗಳಲ್ಲಿ ಒಂದು ಪ್ರಾಣ ಉಳಿಸಲು ಏಳು ಸಮುದ್ರ ದಾಟುತ್ತಾರೆ. ದೊಡ್ಡಕ್ಕ ಉರಿಬಿಸಿಲಲ್ಲಿ ಹನ್ನೊಂದು ದರ್ಜಿ ಅಂಗಡಿಗಳನ್ನು ದಾಟಿದರು. ನಾನು ‘ಇವಳಲ್ಲ’ ಎಂದು ಕಣ್ಸನ್ನೆ ಮಾಡಿದೊಡನೆ, ಬಿಳಿ ದಾರವನ್ನೇ ಹಿಡಿದು “ಬಣ್ಣ ಹೊಂದಲ್ಲ” ಎಂದು ನೆಪ ಹೇಳಿ ಎದ್ದುಬಿಡುತ್ತಿದ್ದರು.

ಹನ್ನೆರಡನೆಯ ಅಂಗಡಿಯಲ್ಲಿ ಅವಳಿದ್ದಳು. ನನ್ನನ್ನು ಕಂಡದ್ದೇ ಹೊಲಿಗೆ ಯಂತ್ರದ ಮೇಲಿನ ಕಾಲು ನಿಂತಿತು. ಬಾಗಿಲಲ್ಲೇ ಗುಂಡಿ ಹಾಕುತ್ತ ಕೂತಿದ್ದ ಅವಳ ಅತ್ತೆ ಕೋಟು ನೋಡಿ, “ಅಷ್ಟು ದೊಡ್ಡ ಆಸ್ಪತ್ರೇಲಿ ಒಂದು ಸೂಜಿ ಇಲ್ವೇನಮ್ಮ?” ಎಂದಳು.

“ಬೇಕಾದಷ್ಟಿದೆ ಅಮ್ಮ. ಎಲ್ಲಾ ಚುಚ್ಚೋವೇ, ಹೊಲಿಯೋದು ಒಂದೂ ಇಲ್ಲ” ಎಂದರು ದೊಡ್ಡಕ್ಕ.

ಮುದುಕಿ ಕುಲುಕುಲು ನಕ್ಕಳು. ಸೊಸೆ ತೋಳನ್ನು ಮಗುಚಿ ನೋಡಿದಳು. “ಇದು ಹರಿದಿದ್ದಲ್ಲ. ಬಿಚ್ಚಿದ್ದು.”

“ಹೌದು ತಾಯಿ. ನಮ್ಮ ಹುಡುಗಿ ತಪ್ಪು ಹೇಳಿಬಿಟ್ಟಿದ್ಲು, ಸರಿ ಮಾಡೋಕೆ ಬಂದೆ.”

“ಅಳತೆ... ಯಾರನ್ನ ಕೇಳ್ಬೇಕು?” ಅತ್ತೆಯ ಕಡೆ ಕಣ್ಣು ಹಾಯಿಸಿ ಕೇಳಿದಳು.

“ನಿನ್ನ ಅಳತೆಯೇ ಸಾಕು. ಇನ್ಯಾರನ್ನೂ ಕೇಳೋದು ಬೇಡ. ನಾಳೆಯೇ ಆದ್ರೆ ಒಳ್ಳೇದು, ತಡ ಆದಷ್ಟೂ ಕೆಲಸ ಕಷ್ಟ.”

ಅವಳು ಕೋಟನ್ನು ಮಡಿಚಿ ಯಂತ್ರದ ಪಕ್ಕಕ್ಕೆ ಇಟ್ಟುಕೊಂಡಳು. “ನಾನೇ ತಂದುಕೊಡ್ತೀನಿ.”

ಮರುದಿನ ಬೆಳಿಗ್ಗೆ ಕೋಟು ಕೊಡುವ ನೆಪದಲ್ಲಿ ಬಂದಳು. ಸಹಿ ತಾನೇ ಹಾಕಿದಳು. ಸಂಜೆಯವರೆಗೂ ದೊಡ್ಡಕ್ಕ ಅವಳ ಪಕ್ಕದಿಂದ ಏಳಲಿಲ್ಲ. ಅವಳು ತನ್ನ ಕಾಲ ಮೇಲೆ ತಾನೇ ನಡೆದು ಮನೆಗೆ ಹೋದಳು.

ಅಂದಿನಿಂದ ‘ಮನೆಯವರು’ ಎಂಬ ಸಭ್ಯ ಪದ ನಮ್ಮ ಕೋಣೆಯಲ್ಲಿ ನಿಷಿದ್ಧ. “ನಿಮ್ಮ ಜೊತೆ ಯಾರಿರಲಿ ಅನ್ಸುತ್ತೆ?” ಎಂದಷ್ಟೇ ಕೇಳುತ್ತೇವೆ. ಬೇರೆ ಬೇರೆ ದೇಶಗಳಿಂದ ತರಬೇತಿಗೆ ಬರುವ ದಾದಿಯರಿಗೂ ದೊಡ್ಡಕ್ಕ ಮೊದಲ ದಿನ ಕೊಡುವ ಪ್ರಶ್ನೆ ಒಂದೇ: ನಿಮ್ಮ ಭಾಷೆಯಲ್ಲಿ ಹೆಣ್ಣನ್ನು ಬಾಗಿಲಿಂದಲೇ ಹಿಂದೆ ಕಳಿಸುವ ಒಳ್ಳೆಯ ಮಾತು ಯಾವುದು? ಅರ್ಧ ಗಂಟೆಯಲ್ಲಿ ಕಪ್ಪು ಹಲಗೆ ತುಂಬಿಹೋಗುತ್ತದೆ. “ಮಾತ್ರೆ ಎಲ್ಲ ಕಡೆಗೂ ಒಂದೇ. ಬಾಗಿಲು ಹಾಕೋ ಮಾತುಗಳು ಮಾತ್ರ ನೂರೆಂಟು” ಎನ್ನುತ್ತಾರೆ. ಅಷ್ಟು ಲಿಪಿಗಳಲ್ಲಿ ಬರೆದ ಆ ಹಲಗೆಯ ಮೂಲೆಯಲ್ಲಿ ನಾನು ಪ್ರತಿಸಲವೂ ಕನ್ನಡದಲ್ಲಿ ‘ಮನೆಯವರು’ ಎಂದು ಬರೆಯುತ್ತೇನೆ.

ಕಳೆದ ವರ್ಷ ಮಾರುಕಟ್ಟೆಯಲ್ಲಿ ಆ ಹೆಂಗಸು ಮೂರೂ ಮಕ್ಕಳೊಡನೆ ಎದುರಾದಳು. ನಮ್ಮನ್ನು ನೋಡಿದಳು, ಹುಬ್ಬು ಕೂಡ ಅಲುಗಿಸದೆ ದಾಟಿ ಹೋದಳು. ನನಗೆ ಪಿಚ್ಚೆನಿಸಿತು. “ಗುರುತೇ ಸಿಗಲಿಲ್ವಲ್ಲ ದೊಡ್ಡಕ್ಕ?”

“ಸಿಕ್ಕಿತು ಕಣೆ, ಅದಕ್ಕೇ ಹೋದ್ಲು. ನೀನೂ ತಿರುಗಿ ನೋಡಬೇಡ, ಬಾ.”

ಇಂಥ ಸಾವಿರಾರು ಮಂದಿ ಈ ಸಂಪುಟಕ್ಕೆ ಒಂದು ಸಾಲನ್ನೂ ಬರೆಯಲಾರರು. ಹಿರಿಯರನ್ನು ಹರಸುವ ವಯಸ್ಸು ನನ್ನದಲ್ಲ, ಬೇಡಿಕೊಳ್ಳಬಲ್ಲೆ. ದೊಡ್ಡಕ್ಕನವರ ಆಯುಸ್ಸು ಗಟ್ಟಿಯಾಗಿರಲಿ, ದೂರದ ದಾದಿಯರಿಗೆ ಅವರು ಹೇಳುವ ಪಾಠ ನಿಲ್ಲದಿರಲಿ. ಅವರು ಯಾವ ಬೀದಿಯಲ್ಲಿ ನಡೆದರೂ, ಎದುರಿಗೆ ಬರುವ ಹೆಂಗಸರು ಗುರುತೇ ಇಲ್ಲದವರಂತೆ, ಗಟ್ಟಿ ಹೆಜ್ಜೆಯಿಡುತ್ತ, ಅವರನ್ನು ದಾಟಿ ಹೋಗುತ್ತಲೇ ಇರಲಿ.