ಬಾನೆಟ್ ಮುಚ್ಚಿಯೇ ಇತ್ತು

ದೆವ್ವ, ಆತ್ಮ ಎಂಬ ಮಾತು ಬಂದರೆ ಎದ್ದು ಅಡುಗೆಮನೆಗೆ ಹೋಗುವವಳು ನಾನು. ಬ್ಯಾಂಕಿನಲ್ಲಿ ಇಷ್ಟು ವರ್ಷ ದುಡಿದವಳಿಗೆ ಕಣ್ಣಿಗೆ ಕಾಣದ್ದನ್ನು ನಂಬುವ ಅಭ್ಯಾಸವಿಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ಒಂದು ಸಂಜೆ ಎರ್ನಾಕುಲಂನ ವೈಟ್ಟಿಲ ಜಂಕ್ಷನ್ನಿನಲ್ಲಿ ನನ್ನ ಕಿವಿಗೆ ಬಿದ್ದದ್ದನ್ನು ಸುಳ್ಳೆನ್ನುವುದೂ ನನ್ನಿಂದಾಗದು. ನೀವು ನಗುವುದಾದರೆ ಪೂರ್ತಿ ಕೇಳಿದ ಮೇಲೆ ನಗಿ.

ನನ್ನ ಯಜಮಾನರು ತಿರುವನಂತಪುರದಲ್ಲಿ ರಾಕೆಟ್ಟಿನ ಕೆಲಸದಲ್ಲಿದ್ದರು. ಮೈಸೂರಿನಿಂದ ಬಂದು ಅಲ್ಲೇ ಬೇರು ಬಿಟ್ಟ ಸಂಸಾರ ನಮ್ಮದು. ಆಫೀಸಿನಲ್ಲಿ ಒಂದು ಸ್ಕ್ರೂವನ್ನೂ ಹತ್ತು ಸಲ ನೋಡದೆ ಬಿಡದ ಮನುಷ್ಯ, ಮನೆಯ ಕಾರಿನ ಸ್ಟಾರ್ಟರನ್ನು ಮಾತ್ರ ರಿಪೇರಿಗೆ ಕೊಡಲಿಲ್ಲ. ದೀಪದ ಬುಡದಲ್ಲಿ ಕತ್ತಲು. ಅದು ಮನಸ್ಸು ಬಂದರೆ ತಿರುಗುತ್ತಿತ್ತು, ಇಲ್ಲವಾದರೆ ಟಿಕ್ ಎಂದು ಸುಮ್ಮನಾಗುತ್ತಿತ್ತು. ಬ್ಯಾಟರಿ ಹೊಸದು, ಲೈಟು ಮಂಕಾಗುತ್ತಿರಲಿಲ್ಲ, ವೈರುಗಳ ತುದಿಯನ್ನೆಲ್ಲ ಅವರೇ ಉಜ್ಜಿ ಬಿಗಿ ಮಾಡಿದ್ದರು. ಹಾಗಾದರೆ ತೊಂದರೆ ಸ್ಟಾರ್ಟರ್ ಮೋಟರಿನ ಹೊಟ್ಟೆಯೊಳಗೇ ಇದೆ ಎಂದು ತೀರ್ಮಾನಿಸಿದರು. ತೀರ್ಮಾನಿಸಿ ಅಲ್ಲಿಗೇ ಬಿಟ್ಟರು.

ಅವರ ಮದ್ದು ಬೇರೆಯೇ. ಬಾನೆಟ್ ಎತ್ತಿ, ಸ್ಪ್ಯಾನರನ್ನು ಒಳಗೆ ತೂರಿಸಿ ಸ್ಟಾರ್ಟರಿನ ಮೈಮೇಲೆ ಬಡಿಯುವುದು. ಎರಡು ನಿಧಾನ, ಒಂದು ಚುರುಕು. ಕೀ ಹಿಡಿದು ಕೂರುವುದು ನನ್ನ ಪಾಲಿನ ಕೆಲಸ. ಎತ್ತಿದ ಬಾನೆಟ್ಟಿನ ಹಿಂದೆ ಅವರ ಮುಖ ಕಾಣುತ್ತಿರಲಿಲ್ಲ. ಅವರ ಕೈ ಒಳಗಿರುವಾಗಲೇ ಎಲ್ಲಿ ತಿರುಗಿಸಿಬಿಡುತ್ತೇನೋ ಎಂದು ಹೆದರಿ ಪ್ರತಿ ಸಲವೂ "ಆಯ್ತೇನ್ರೀ?" ಎಂದು ಕೂಗುತ್ತಿದ್ದೆ. ಅವರು ಬಾಯಿಬಿಟ್ಟು ಉತ್ತರ ಕೊಟ್ಟದ್ದೇ ಇಲ್ಲ. ಆ ಬಡಿತವೇ ಉತ್ತರ, ಕೊನೆಯ ಚುರುಕು ಏಟು ಬಿದ್ದರೆ ಕೈ ಹೊರಗೆ ಬಂತೆಂದೇ ಲೆಕ್ಕ. ಅಕ್ಕಪಕ್ಕದವರು ನೋಡುತ್ತಾರೆಂದು ನನಗೆ ನಾಚಿಕೆ. ಒಬ್ಬರೇ ಓಡಿಸುವ ಕಾರಿಗಿಂತ ಇಬ್ಬರು ಬೇಕಾಗುವ ಕಾರೇ ವಾಸಿ ಎಂದು ಅವರು ನಗುತ್ತಿದ್ದರು.

ಅವರು ಹೋದ ಮೇಲೆ ನನಗೆ ಎರ್ನಾಕುಲಕ್ಕೆ ವರ್ಗವಾಯಿತು. ಕಾರು ಜೊತೆಗೆ ಬಂತು. ತಿರುವನಂತಪುರದ ಮನೆಯಲ್ಲೇ ಉಳಿದು ಹತ್ತಿರದ ಕಳಕ್ಕೂಟಂನಲ್ಲಿ ಕೆಲಸದಲ್ಲಿದ್ದ ಮಗಳು ಫೋನ್ ಮಾಡಿದಾಗಲೆಲ್ಲ, "ಅಮ್ಮೇ, ಅದ್ ವಿಲ್ಕಾಂ," ಎನ್ನುವಳು, ಮಾರಿಬಿಡೋಣ ಎಂದು. ನಾನು ಕನ್ನಡದಲ್ಲಿ ಬೇಡ ಎನ್ನುವೆ. ಮಾರಲೂ ಮನಸ್ಸಿಲ್ಲ, ರಿಪೇರಿಗೂ ಮನಸ್ಸಿಲ್ಲ. ಅವರು ಬಡಿದೂ ಬಡಿದೂ ಇಟ್ಟುಕೊಂಡಿದ್ದ ವಸ್ತು ಅದು. ಅದನ್ನು ಕಿತ್ತೆಸೆದರೆ ಅವರು ಇನ್ನೊಂದು ಸಲ ಹೋದಂತೆ ಅನಿಸುತ್ತಿತ್ತು. ಉರುಳಿಸಿ ಸ್ಟಾರ್ಟ್ ಮಾಡಲು ಇಳಿಜಾರು ಸಿಕ್ಕಿದಲ್ಲಿ ನಿಲ್ಲಿಸುವುದು, ದಾರಿಯಲ್ಲಿ ಇಂಜಿನ್ ಆರಿಸದಿರುವುದು, ಹೀಗೆ ಹೇಗೋ ಕಾಲ ತಳ್ಳಿದೆ.

ಅವರ ವರ್ಷಾಬ್ದಿಕದ ಹಿಂದಿನ ದಿನ. ಬೆಳಗಾಗುತ್ತಲೇ ಭಟ್ಟರು ತಿರುವನಂತಪುರದ ಮನೆಗೆ ಬರುವವರಿದ್ದರು, ಬಾಳೆಎಲೆ ತರುವುದು ನನ್ನ ಜವಾಬ್ದಾರಿ. ಸಂಜೆ ಹೊರಟು ದಾರಿಯಲ್ಲಿ ವೈಟ್ಟಿಲದಲ್ಲಿ ಎಲೆ ಕೊಳ್ಳಲು ಇಳಿದಾಗ ಕೈ ತನ್ನ ಪಾಡಿಗೆ ಇಂಜಿನ್ ಆರಿಸಿಬಿಟ್ಟಿತ್ತು. ವಾಪಸು ಬಂದು ತಿರುಗಿಸಿದರೆ ಟಿಕ್. ಮತ್ತೆ ಟಿಕ್. ಲೈಟು ಮಾತ್ರ ಝಗಝಗ ಉರಿಯುತ್ತಿದೆ. ಅಲ್ಲಿ ನೆಲ ಅಂಗೈಯಷ್ಟು ಸಪಾಟು. ಹಿಂದೆ ಬಸ್ಸುಗಳ ಹಾರ್ನು. ಅವರ ತಿಥಿಗೇ ನಾನು ಮುಟ್ಟುವುದಿಲ್ಲವಲ್ಲ ಎಂದು ಅಳು ಬಂತು. ಎಲೆಯ ಕಟ್ಟನ್ನು ಮಡಿಲಲ್ಲಿಟ್ಟುಕೊಂಡು ಅತ್ತೆ. ಸ್ವಲ್ಪ ಹೊತ್ತಿನ ಮೇಲೆ, ಯಾಕೋ ಗೊತ್ತಿಲ್ಲ, ಕಿಟಕಿಯ ಗಾಜು ಇಳಿಸಿ ಕೇಳಿದೆ.

"ಆಯ್ತೇನ್ರೀ?"

ಕಾರಿನ ಮುಂಭಾಗದಿಂದ ಬಡಿತ ಬಂತು. ಎರಡು ನಿಧಾನ, ಒಂದು ಚುರುಕು. ಯೋಚಿಸುವ ಮೊದಲೇ ಕೈ ಕೀ ತಿರುಗಿಸಿತ್ತು. ಇಂಜಿನ್ ಹೊತ್ತಿಕೊಂಡಿತು.

ಬಾನೆಟ್ ಮುಚ್ಚಿಯೇ ಇತ್ತು. ಸ್ಪ್ಯಾನರ್ ಡಿಕ್ಕಿಯಲ್ಲಿತ್ತು. ಎದುರಿನ ಆಟೋದವನು ಆಗಷ್ಟೇ ಇಳಿದು ಬಂದು, "ಶರಿಯಾಯೋ ಚೇಚ್ಚೀ?" ಎಂದು ಕೇಳಿದ, ಸರಿಹೋಯಿತೇ ಅಕ್ಕಾ ಎಂದು. ನೀನು ಕಾರಿಗೆ ಬಡಿದೆಯಾ ಎಂದು ಕೇಳಿದರೆ ತಲೆಯಾಡಿಸಿ, ಇಲ್ಲವೆಂದ. ದಾರಿಯುದ್ದಕ್ಕೂ ನಾನು ಒಮ್ಮೆಯೂ ಇಂಜಿನ್ ಆರಿಸಲಿಲ್ಲ. ಹೆದರಿಕೆ ಆಗಲಿಲ್ಲ, ಪಕ್ಕದ ಸೀಟಿನ ಕಡೆ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ತಿಥಿ ಮುಗಿದ ಮೇಲೆ ಮಗಳು ಹಟ ಹಿಡಿದು ಮೆಕ್ಯಾನಿಕ್ಕನನ್ನು ಕರೆಸಿದಳು. ಅವನು ಮೋಟರು ಬಿಚ್ಚಿ, ಒಳಗೆ ಕರೆಂಟು ಮುಟ್ಟಿಸುವ ಕಾರ್ಬನ್ ಬ್ರಷ್ಷುಗಳು ಸವೆದು ಚೂರಾಗಿರುವುದನ್ನು ತೋರಿಸಿದ. ಬಡಿದರೆ ಅವು ಕೂಡಿಕೊಳ್ಳುತ್ತವಂತೆ, ಕೆಲವೊಮ್ಮೆ ಬಡಿಯದೆಯೂ ಕೂಡಿಕೊಳ್ಳುತ್ತವಂತೆ. ಸರಿ, ಸ್ಟಾರ್ಟ್ ಆದದ್ದಕ್ಕೆ ಕಾರಣ ಸಿಕ್ಕಿತು. ಮೋಟರು ತಾನಾಗಿ ಬಡಿದುಕೊಳ್ಳುವುದುಂಟೇ ಎಂದು ಕೇಳಿದೆ. ಟಿಕ್ ಎನ್ನುತ್ತದೆ, ಬಡಿದ ಸದ್ದು ಬರುವುದಿಲ್ಲ ಎಂದ. ಯಾಕೆ ಕೇಳಿದೆನೆಂದು ನಾನು ಅವನಿಗೆ ಹೇಳಲಿಲ್ಲ, ಮಗಳಿಗೂ ಹೇಳಲಿಲ್ಲ.

ಹಳೆಯ ಮೋಟರನ್ನು ಮೆಕ್ಯಾನಿಕ್ಕನಿಗೆ ಬಿಟ್ಟುಕೊಡದೆ ಮನೆಗೆ ತಂದೆ. ಒಂದು ದಿನ ಸ್ಪ್ಯಾನರ್ ಹಿಡಿದು ನಾನೇ ಬಡಿದು ನೋಡಿದೆ. ಎಷ್ಟು ಬಡಿದರೂ ಆ ಸದ್ದು ಬರಲಿಲ್ಲ.

ಹೊಸ ಸ್ಟಾರ್ಟರು ಬಹಳ ಚೆನ್ನಾಗಿದೆ. ಈಗಲೂ ಆಫೀಸಿಗೆ ಹೊರಡುವಾಗ ಅಭ್ಯಾಸಬಲದಿಂದ "ಆಯ್ತೇನ್ರೀ?" ಎಂದು ಕೇಳಿಯೇ ಕೀ ತಿರುಗಿಸುತ್ತೇನೆ. ಒಂದೇ ಸಲಕ್ಕೆ ಇಂಜಿನ್ ಹೊತ್ತಿಕೊಳ್ಳುತ್ತದೆ. ಅವರಿಗೆ ಉತ್ತರ ಕೊಡುವಷ್ಟು ಪುರುಸೊತ್ತನ್ನೂ ಅದು ಕೊಡುವುದಿಲ್ಲ.