ಗಾಜಿನ ಮದ್ದು, ನೀಲಿ ಬೆಳಕು

ಮಕ್ಕಳೇ, ಸತ್ತವರು ಬಂದು ಹೋಗುತ್ತಾರೆ ಎಂದು ಯಾರಾದರೂ ಹೇಳಿದರೆ ನಾನು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಿದ್ದೆ. ಈಗ ನಗುವುದಿಲ್ಲ. ನಂಬುತ್ತೇನೆ ಎಂದೂ ಹೇಳಲಾರೆ. ನಡೆದಷ್ಟನ್ನು ಬರೆಯುತ್ತೇನೆ.

ಆದಿವಾಲದ ಹೈವೇ ಪಕ್ಕದಲ್ಲಿ ನಿಮ್ಮ ತಾತನ ಅಂಗಡಿ ಇತ್ತು. ಕಲ್ಲು ಸಿಡಿದು ಬಿರುಕು ಬಿಟ್ಟ ಲಾರಿ, ಕಾರುಗಳ ಮುಂದಿನ ಗಾಜನ್ನು ಅವರು ಸರಿಮಾಡುತ್ತಿದ್ದರು. ಬಿರುಕಿನೊಳಗೆ ಜೇನಿನಂಥ ಒಂದು ಮದ್ದು ತುಂಬಿ ನೀಲಿ ಲೈಟು ಹಿಡಿದರೆ ಅದು ಗಾಜಿನಷ್ಟೇ ಗಟ್ಟಿಯಾಗುತ್ತಿತ್ತು. ಹಗಲಿನ ಬೆಳಕು ಬಿದ್ದರೂ ನಿಧಾನಕ್ಕೆ ಗಟ್ಟಿಯಾಗುತ್ತಿತ್ತು; ಕತ್ತಲಲ್ಲಿಟ್ಟರೆ ಎಷ್ಟು ದಿನವಾದರೂ ಹಸಿಯಾಗಿಯೇ ಇರುತ್ತಿತ್ತು. ನಾನು ಬುತ್ತಿ ಕೊಡಲು ಹೋದಾಗ, ಲೈಟು ಹಚ್ಚುವ ಮುಂಚೆ, "ಆ ಕಡಿಗೆ ತಿರುಗೇ, ಕಣ್ಣಿಗೆ ಆಗಲ್ಲ" ಎನ್ನುತ್ತಿದ್ದರು. ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದೆ. "ಗಂಡನ ಮುಖಾನೂ ನೋಡಲ್ಲ, ಲೈಟೂ ನೋಡಲ್ಲ. ನಿನ್ನ ಗೋಡೆಗೇ ಕೊಟ್ಟು ಮದುವೆ ಮಾಡಬೇಕಿತ್ತು" ಎಂದು ಲಾರಿಯವರ ಮುಂದೆಯೇ ಕಾಡಿಸುತ್ತಿದ್ದರು. ಲೈಟು ಆರಿಸಿದ ಮೇಲೆ, "ಆಯ್ತು, ತಿರುಗೇ" ಎನ್ನುವವರೆಗೂ ನಾನು ಅಲುಗುತ್ತಿರಲಿಲ್ಲ.

ನಮ್ಮ ಮದುವೆಯದು ಒಂದೇ ಫೋಟೋ. ಅದರ ಗಾಜು ಸೀಳಿ, ಗೆರೆ ಅವರ ಮುಖದ ಮೇಲೆ ಹಾದಿತ್ತು. ತೇವಕ್ಕೆ ಫೋಟೋ ಗಾಜಿಗೆ ಅಂಟಿಬಿಟ್ಟಿದ್ದರಿಂದ ಬೇರೆ ಗಾಜು ಹಾಕುವಂತಿರಲಿಲ್ಲ. ಒಂದು ಸಂಜೆ ಅದಕ್ಕೂ ಮದ್ದು ತುಂಬಿದರು. ಅಷ್ಟರಲ್ಲಿ ಲೈಟು ಕೆಟ್ಟಿತು. ಕರಿ ಬಟ್ಟೆ ಸುತ್ತಿ ಬೆಂಚಿನ ಮೇಲಿಟ್ಟು, "ರಿಪೇರಿ ಮಾಡಿಸ್ಕಂಡು ಬಂದು ನಾನೇ ಹಿಡೀತೀನಿ" ಎಂದರು. ಮರುದಿನ ಎದೆನೋವು ಬಂತು. ಆಸ್ಪತ್ರೆಯಿಂದ ವಾಪಸ್ ಬರಲಿಲ್ಲ.

ಕಾರ್ಯ ಮುಗಿದ ಮೇಲೆ ನಿಮ್ಮಪ್ಪ ಲೈಟನ್ನು ರಿಪೇರಿಗೆ ಚಿತ್ರದುರ್ಗಕ್ಕೆ ಒಯ್ದ. "ನಾ ಬರೋ ತನಕ ಬಟ್ಟೆ ಬಿಚ್ಚಬ್ಯಾಡಮ್ಮ. ಮದ್ದು ಇನ್ನೂ ಹಸಿ ಐತೆ, ಅಲುಗಾಡಿದ್ರೆ ಫೋಟೋಕ್ಕೆ ಇಳೀತೈತೆ" ಎಂದಿದ್ದ. ಇಳಿದರೆ ಅವರ ಮುಖವೇ ಅಳಿಸಿಹೋಗುತ್ತದೆಂದು ನನಗೆ ಹೆದರಿಕೆ. ಅವತ್ತು ಮೋಡದ ಮಧ್ಯಾಹ್ನ, ಅಂಗಡಿಯ ಶಟರ್ ಇಳಿಸಿಕೊಂಡು ಫೋಟೋ ಕಾಯುತ್ತ ಕುಳಿತಿದ್ದೆ. ಕರೆಂಟ್ ಇರಲಿಲ್ಲ.

ಬೆಂಚಿನ ಕಡೆಯಿಂದ ಆ ನೀಲಿ ಬೆಳಕು ಬಂತು. ಯೋಚಿಸುವ ಮೊದಲೇ ನಾನು ಗೋಡೆ ಕಡೆ ತಿರುಗಿಬಿಟ್ಟಿದ್ದೆ. ಗೋಡೆಯ ಮೇಲೆ ನನ್ನ ನೆರಳು ಬಿದ್ದಿತ್ತು. ಅವರು ಲೈಟು ಹಿಡಿಯುತ್ತಿದ್ದಷ್ಟೇ ಹೊತ್ತು ಇದ್ದು ಬೆಳಕು ಆರಿತು.

ನಿಮ್ಮಪ್ಪ ಬಂದು ಬಟ್ಟೆ ಬಿಚ್ಚಿದ. ಮದ್ದು ಗಟ್ಟಿಯಾಗಿತ್ತು. ಅವರ ಮುಖದ ಮೇಲೆ ಗೆರೆಯೇ ಇರಲಿಲ್ಲ. "ಎಲ್ಲೋ ಸಂದೀಲಿ ಬೆಳಕು ಬಿದ್ದಿರಬೇಕು ಬಿಡಮ್ಮ" ಎಂದ.

ಇರಬಹುದು. ಒಂದು ಸಲ ಹಿಂತಿರುಗಿ ನೋಡಿದ್ದರೆ ನನಗೂ ಗೊತ್ತಾಗುತ್ತಿತ್ತು. ಆದರೆ ಬೆಳಕು ಆರಿದ ಮೇಲೂ, ನಿಮ್ಮಪ್ಪ ಬಂದು ಶಟರ್ ಎತ್ತುವವರೆಗೆ ನಾನು ಗೋಡೆಯನ್ನೇ ನೋಡುತ್ತಿದ್ದೆ. "ಆಯ್ತು, ತಿರುಗೇ" ಎನ್ನಲಿ ಎಂದು ಕಾಯುತ್ತಿದ್ದೆ.