ಅವಳಿ ಊರಿನಿಂದ ಬಂದ ಫೋನು

ಅವಳಿ ನಗರವೆಂದರೆ ನನಗೆ ಅಲ್ಲಿಯವರೆಗೆ ಗೊತ್ತಿದ್ದದ್ದು ಹುಬ್ಬಳ್ಳಿ-ಧಾರವಾಡ ಒಂದೇ. ಗ್ರೀನ್ ಕಾರ್ಡ್ ಕೊಟ್ಟು ಜರ್ಮನಿ ನಮ್ಮಂಥ ಸಾಫ್ಟ್‌ವೇರ್‌ನವರನ್ನು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ ನಾನು ವಾಲ್‌ಡಾರ್ಫ್ ಹತ್ತಿರದ ಪುಟ್ಟ ಊರೊಂದರಲ್ಲಿ ಮಹಡಿಯ ಕೋಣೆ ಹಿಡಿದಿದ್ದೆ. ಊರು ಶುರುವಾಗುವ ಕಡೆ ನಿಲ್ಲಿಸಿದ್ದ ಬೋರ್ಡಿನಲ್ಲಿ ಆ ಊರಿನ ಹೆಸರಿನ ಕೆಳಗೆ ಫ್ರಾನ್ಸಿನ ಒಂದು ಊರಿನ ಹೆಸರೂ ಇತ್ತು. ಯುದ್ಧ ಮುಗಿದು ಎಷ್ಟೋ ವರ್ಷಗಳಾದ ಮೇಲೆ ಎರಡೂ ಊರಿನವರು ಕೂಡಿ ಅವಳಿ ಊರುಗಳೆಂದು ನಂಟು ಬೆಳೆಸಿದ್ದರಂತೆ. ಒಂದು ವರ್ಷ ಅವರು ಬಸ್ಸು ಮಾಡಿಕೊಂಡು ಇಲ್ಲಿಗೆ ಬರುವುದು, ಮರುವರ್ಷ ಇವರು ಅಲ್ಲಿಗೆ ಹೋಗುವುದು. ಹೋಟೆಲಿನಲ್ಲಿ ಇಳಿಯುವ ಹಾಗಿಲ್ಲ, ಒಬ್ಬರ ಮನೆಯಲ್ಲಿ ಒಬ್ಬರು ಉಳಿಯಬೇಕು. ನಮ್ಮ ಬೀಗರ ಹಾಗೆಯೇ, ಮುನಿಸು ಮಾತ್ರ ಇಲ್ಲ ಎಂದು ನಾನು ತಮಾಷೆ ಮಾಡುತ್ತಿದ್ದೆ.

ನಮ್ಮ ಮನೆ ಓನರಮ್ಮನಿಗೆ ಎಪ್ಪತ್ತು ದಾಟಿತ್ತು, ಗಂಡ ಇರಲಿಲ್ಲ. ಮೊದಲನೆಯ ಸಲ ಬಸ್ಸು ಬಂದಾಗ ಪಟ್ಟಿಯಲ್ಲಿ ಅವರ ಪಾಲಿಗೆ ಬಿದ್ದವರು ಅವರದೇ ವಯಸ್ಸಿನ ಒಬ್ಬ ಹೆಂಗಸು. ಇವರ ಅಣ್ಣ ಆ ಕಡೆಯವರ ಗುಂಡಿಗೆ ಸತ್ತಿದ್ದ, ಅವರ ಅಣ್ಣ ಈ ಕಡೆಯವರ ಗುಂಡಿಗೆ. "ಮೊದಲ ರಾತ್ರಿ ಇಬ್ಬರೂ ಒಳಗಿನಿಂದ ಚಿಲಕ ಹಾಕಿಕೊಂಡೇ ಮಲಗಿದ್ದೆವು" ಎಂದು ಓನರಮ್ಮ ಹೇಳಿ ನಗುತ್ತಿದ್ದರು. ಆಮೇಲೆ ಮೂವತ್ತಕ್ಕೂ ಹೆಚ್ಚು ವರ್ಷ ಆ ಗೆಳತಿ ಬೇರೆ ಯಾರ ಮನೆಯಲ್ಲೂ ಇಳಿಯಲಿಲ್ಲ. ಒಬ್ಬರ ಭಾಷೆ ಇನ್ನೊಬ್ಬರಿಗೆ ಅಷ್ಟಕ್ಕಷ್ಟೆ. ಎದುರೆದುರು ಕೂತರೆ ಕೈ, ಕಣ್ಣು, ನಾಲ್ಕು ಹರಕು ಮುರುಕು ಮಾತಿನಲ್ಲಿ ಇಡೀ ದಿನ ಕಳೆಯುತ್ತಿದ್ದರು. ಫೋನಿನಲ್ಲಿ ಮಾತ್ರ ಆಗುತ್ತಿರಲಿಲ್ಲ. ಅದಕ್ಕೇ ಕಾಗದ ಬರೆಯುತ್ತಿದ್ದರು.

ಒಂದು ಬುಧವಾರ ಸಂಜೆ ಓನರಮ್ಮ ಮನೆಯಲ್ಲಿಲ್ಲದಾಗ ಫೋನು ಬಂತು. ಆ ಗೆಳತಿಯ ಮಗಳು. ಜರ್ಮನ್ ಬಾರದು, ಇಂಗ್ಲಿಷಿನಲ್ಲಿ ಹೇಳಿದರು: ಅಮ್ಮ ಬೆಳಿಗ್ಗೆ ತೀರಿಕೊಂಡರು, ಶನಿವಾರ ಹತ್ತೂವರೆಗೆ ಚರ್ಚಿನಲ್ಲಿ ಅಂತ್ಯಕ್ರಿಯೆ, ದಯವಿಟ್ಟು ಅವರಿಗೆ ತಿಳಿಸಿ, ನಿಮ್ಮ ಊರಿನ ಉಳಿದವರಿಗೆಲ್ಲ ಅವರೇ ಹೇಳುತ್ತಾರೆ. ನಾನು ಆಗಲಿ ಎಂದೆ.

ಓನರಮ್ಮ ಬುಟ್ಟಿ ತುಂಬ ತೋಟದ ಸೊಪ್ಪು ಹಿಡಿದು ಒಳಗೆ ಬಂದರು. ಆ ಮುಖ ನೋಡಿ ನನಗೆ ಬಾಯಿ ಬರಲಿಲ್ಲ. ನಮ್ಮ ಕಡೆ ಸಾವನ್ನು ಯಾರು ಫೋನಿನಲ್ಲಿ ನೆಟ್ಟಗೆ ಹೇಳುತ್ತಾರೆ? ನಾನು ದಾವಣಗೆರೆಯ ಹಾಸ್ಟೆಲಿನಲ್ಲಿದ್ದಾಗ ನಮ್ಮ ಚಿಕ್ಕಪ್ಪ "ತಾತಂಗೆ ಸ್ವಲ್ಪ ಸೀರಿಯಸ್ಸು, ಹೊರಟು ಬಾರಪ್ಪ" ಅಂದಿದ್ದರು. ಬಸ್ಸು ಹತ್ತುವ ಹೊತ್ತಿಗೆ ನನಗೆ ಎಲ್ಲ ಅರ್ಥವಾಗಿತ್ತು. ಊರು ಮುಟ್ಟುವಷ್ಟರಲ್ಲಿ ಅಳುವುದಕ್ಕೆ ಮನಸ್ಸು ಸಿದ್ಧವಾಗಿರುತ್ತದೆ, ಹಿಡಿದುಕೊಳ್ಳಲು ನಾಲ್ಕು ಜನರಿರುತ್ತಾರೆ. ಅದೊಂದು ಕರುಣೆ ಎಂದೇ ನಾನು ತಿಳಿದಿದ್ದೆ.

"ನಿಮ್ಮ ಗೆಳತಿಗೆ ತುಂಬ ಸೀರಿಯಸ್ ಅಂತೆ. ಮಗಳು ಫೋನ್ ಮಾಡಿದ್ದರು. ನೀವು ಹೋದರೆ ಒಳ್ಳೆಯದು" ಎಂದು ಜರ್ಮನ್‌ನಲ್ಲಿ ಹೇಳಿದೆ. ಅವರು ಬುಟ್ಟಿ ಕೆಳಗಿಟ್ಟು ಕುರ್ಚಿಯಲ್ಲಿ ಕೂತರು. ಬೆಳಿಗ್ಗೆ ರೈಲು ಹತ್ತುತ್ತಾರೆ ಎಂದು ನಾನು ಸಮಾಧಾನ ಮಾಡಿಕೊಂಡೆ.

ಮರುದಿನ ಬೆಳಕು ಹರಿಯುವ ಮೊದಲೇ ಮೈಸೂರಿನ ಸಹೋದ್ಯೋಗಿಯ ಕಾರಿನಲ್ಲಿ ಕೆಲಸದ ಮೇಲೆ ರೇಗನ್ಸ್‌ಬರ್ಗಿಗೆ ಹೊರಟೆ. ದಾರಿಯಲ್ಲಿ ಅವನಿಗೆ ಎಲ್ಲವನ್ನೂ ಹೇಳಿದೆ.

"ಕರೆಕ್ಟಾಗೇ ಮಾಡಿದೀಯ ಬಿಡು ಗುರು" ಎಂದ ಅವನು. "ವಯಸ್ಸಾದೋರು. ಸಡನ್ನಾಗಿ ಹೇಳಿ ಹೆಚ್ಚುಕಮ್ಮಿ ಆದ್ರೆ ಯಾರ್ ಹೊಣೆ?"

ನಮ್ಮಿಬ್ಬರ ಬುದ್ಧಿವಂತಿಕೆಗೆ ಇಷ್ಟು ಬೆಂಕಿ ಹಾಕಬೇಕಿತ್ತು.

ಶನಿವಾರ ಮಧ್ಯಾಹ್ನ ಎರಡು ಗಂಟೆಗೆ ವಾಪಸು ಬಂದು ಬಾಗಿಲು ತೆಗೆದರೆ ಓನರಮ್ಮ ಮನೆಯಲ್ಲೇ ಇದ್ದಾರೆ. ಮೇಜಿನ ಮೇಲೆ ಸೋಮವಾರದ ರೈಲು ಟಿಕೆಟ್ಟು. ನೀವು ಹೋಗಲಿಲ್ಲವೇ ಎಂದು ಕೇಳಿದೆ.

"ಅಷ್ಟು ಕಾಯಿಲೆ ಇರುವವರ ಮನೆಗೆ ಹೇಳದೆ ಕೇಳದೆ ಹೋಗಿ ನಿಲ್ಲುವುದೇ? ಬೇಗ ಗುಣವಾಗು ಅಂತ ಗುರುವಾರವೇ ಕಾರ್ಡು ಹಾಕಿದೆ. ಸೋಮವಾರ ಬರುತ್ತೇನೆ ಅಂತಲೂ ಬರೆದಿದ್ದೇನೆ. ಈಗಷ್ಟೇ ಕೂದಲು ಸೆಟ್ ಮಾಡಿಸಿಕೊಂಡು ಬಂದೆ. ಅವಳ ಮುಂದೆ ಬಾಡಿದ ಮುಖ ಹೊತ್ತು ಹೋಗಬಾರದಲ್ಲ."

ತಪ್ಪು ಅವರದಲ್ಲ. ನಾನು ಹೇಳಿದ ಮಾತನ್ನು ಅವರು ಅಕ್ಷರಶಃ ನಂಬಿದ್ದರು. ನಿಂತಲ್ಲೇ ಎಲ್ಲವನ್ನೂ ಒಪ್ಪಿಕೊಂಡೆ. ನಿಮ್ಮ ಗೆಳತಿ ಬುಧವಾರವೇ ತೀರಿಕೊಂಡರು, ಇವತ್ತು ಹತ್ತೂವರೆಗೆ ಮಣ್ಣು ಮಾಡಿದರು, ನಿಮಗೆ ಒಮ್ಮೆಲೇ ಆಘಾತವಾಗಬಾರದೆಂದು ನಾನೇ ಹಾಗೆ ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ನಿಮ್ಮ ದೇಶದಲ್ಲಿ ಹಾಗೆ ಹೇಳಿದರೆ ಎಲ್ಲರಿಗೂ ಅರ್ಥವಾಗುತ್ತದೆಯೇ?" ಎಂದು ಕೇಳಿದರು.

"ಆಗುತ್ತದೆ."

"ನನಗೆ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ" ಎಂದರು. ಆಮೇಲೆ ಎದ್ದು ಫೋನನ್ನು ನನ್ನ ಕಡೆಗೆ ತಳ್ಳಿದರು. "ಅವಳ ಮಗಳಿಗೆ ಮಾಡು. ನಾನು ಬೇಕೆಂದು ಬಾರದೇ ಇದ್ದದ್ದಲ್ಲ ಅಂತ ಹೇಳು."

ಇಂಗ್ಲಿಷಿನಲ್ಲಿ ಹೇಳಿದೆ, ಎರಡೆರಡು ಸಲ ಹೇಳಿದೆ, ತಪ್ಪು ನನ್ನದು ಎಂದು. ಆಮೇಲೆ ಮಗಳು ಹೇಳಿದರು: ಅವರಿಗೆಂದು ಮನೆಯವರ ಸಾಲಿನಲ್ಲೇ ಜಾಗ ಬಿಟ್ಟಿದ್ದೆವು. ರೈಲು ತಡವಾಗಿರಬೇಕು ಎಂದು ಪಾದ್ರಿಗಳನ್ನು ಇಪ್ಪತ್ತು ನಿಮಿಷ ನಿಲ್ಲಿಸಿದೆವು.

"ಏನಂತೆ?" ಎಂದು ಓನರಮ್ಮ ನನ್ನ ತೋಳು ಹಿಡಿದರು.

ಪರವಾಗಿಲ್ಲ ಅಂತೆ ಎಂಬ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ. ಜಾಗ ಬಿಟ್ಟಿದ್ದನ್ನು ಹೇಳಿದೆ, ಇಪ್ಪತ್ತು ನಿಮಿಷ ಕಾದದ್ದನ್ನೂ ಹೇಳಿದೆ.

ಅವರು ಕಣ್ಣು ಮುಚ್ಚಿಕೊಂಡರು. "ನಮ್ಮ ಊರಿನಿಂದ ಒಬ್ಬರಾದರೂ ಇದ್ದರಂತೆಯೇ, ಕೇಳು" ಎಂದರು.

ಕೇಳುವ ಅಗತ್ಯವಿರಲಿಲ್ಲ, ಊರಿನವರಿಗೆ ತಿಳಿಸಬೇಕಾದವರು ಓನರಮ್ಮನೇ, ಅವರಿಗೇ ನಾನು ತಿಳಿಸಿರಲಿಲ್ಲ. ಆದರೂ ಕೇಳಿದೆ. ಒಬ್ಬರೂ ಇರಲಿಲ್ಲವಂತೆ ಎಂದು ಹೇಳಿದೆ.